ಕೇಳಿಕೊಂಡು ಬಂದೆನೆಂದು ಹೇಳಿದ ಮಾತು

ನನ್ನ ತಮ್ಮ ಮಸ್ಕತ್ತಿನಿಂದ ದಾಂಡೇಲಿಗೆ ಬಂದಾಗ ಅವನ ಹೊಟ್ಟೆಯೊಳಗೆ ಒಂದು ಪ್ಲಾಸ್ಟಿಕ್ ನಳಿಗೆ ಇತ್ತು. ಪಿತ್ತ ಹರಿಯುವ ದಾರಿಯಲ್ಲಿ ಹರಳು ಸಿಕ್ಕಿಕೊಂಡು ಅವನ ಮೈಯೆಲ್ಲ ಹಳದಿಯಾಗಿತ್ತಂತೆ. ಅಲ್ಲಿಯ ದವಾಖಾನೆಯವರು ಬಾಯಿಯಿಂದ ಕೊಳವೆ ಇಳಿಸಿ, ಹರಳು ತೆಗೆದು, ದಾರಿ ಮತ್ತೆ ಮುಚ್ಚದಿರಲಿ ಎಂದು ಆ ನಳಿಗೆಯನ್ನು ಇಟ್ಟಿದ್ದರು. ಮೂರು ತಿಂಗಳೊಳಗೆ ಅದನ್ನು ತೆಗೆಸಬೇಕು, ಪಿತ್ತಕೋಶದ ಆಪರೇಷನ್ನೂ ಆಗಬೇಕು, ಅದನ್ನು ನಿಮ್ಮ ದೇಶದಲ್ಲಿ ಮಾಡಿಸಿಕೊಳ್ಳಿ ಎಂದು ಕಾಗದ ಬರೆದುಕೊಟ್ಟು ಕಳಿಸಿದ್ದರು. ಈ ಸಂಗತಿ ನಮ್ಮ ಮನೆಯಲ್ಲಿ ಅವನನ್ನು ಬಿಟ್ಟರೆ ನನಗೆ ಒಬ್ಬಳಿಗೇ ಗೊತ್ತಿತ್ತು.

ನಾನು ಓದಿದ್ದು ಏಳನೆಯ ಇಯತ್ತೆಯವರೆಗೆ. ಅಪ್ಪ ಧಾರವಾಡದ ಕಡೆಯ ಹಳ್ಳಿಯಿಂದ ಇಲ್ಲಿಯ ಕಾಗದದ ಕಾರ್ಖಾನೆಗೆ ಕೆಲಸಕ್ಕೆ ಬಂದವರು. ತಮ್ಮ ನನಗಿಂತ ಎಂಟು ವರ್ಷ ಚಿಕ್ಕವನು. ಅವ್ವ ಕೂಲಿಗೆ ಹೋಗುತ್ತಿದ್ದಳು, ಅವನನ್ನು ಎತ್ತಿಕೊಂಡು ತಿರುಗಿದ್ದು ನಾನು. ಗಂಡ ತೀರಿದ ಮೇಲೆ ತವರಿಗೇ ಬಂದು, ಸರಕಾರಿ ಶಾಲೆಯಲ್ಲಿ ಮಕ್ಕಳ ಬಿಸಿಯೂಟ ಮಾಡುವ ಕೆಲಸಕ್ಕೆ ಸೇರಿದೆ. ತಮ್ಮ ವೆಲ್ಡಿಂಗ್ ಕಲಿತು ಮಸ್ಕತ್ತಿಗೆ ಹೋದ. ಅವನು ದುಡಿಯಲು ಹತ್ತಿದ ಮೇಲೆ ಮನೆಯಲ್ಲಿ ಹಿರಿಯತನ ಅವನದಾಯಿತು. ಹಂಚು ಬದಲಿಸುವುದಾಗಲಿ, ಅವ್ವನ ಕಣ್ಣಿನ ಪೊರೆ ತೆಗೆಸುವುದಾಗಲಿ, ಎಲ್ಲದಕ್ಕೂ ಅವನನ್ನು ಫೋನಿನಲ್ಲಿ ಕೇಳಬೇಕಾಗಿತ್ತು. ಅವನು ಒಂದು ದಿನವೂ ಬಿರುಸು ಮಾತಾಡಿದವನಲ್ಲ. ಆದರೂ ನಾನು ಒಳಗೊಳಗೇ ಸಣ್ಣವಳಾಗಿದ್ದೆ. ಇದನ್ನು ಯಾಕೆ ಹೇಳುತ್ತೇನೆ ಎಂದರೆ, ನನ್ನ ತಪ್ಪಿನ ಬೇರು ಇಲ್ಲೇ ಎಲ್ಲೋ ಇದೆ ಎಂದು ನನಗೆ ಅನ್ನಿಸುತ್ತದೆ.

ಅವನು ಬಂದ ಮರುದಿನ ಬೆಳಿಗ್ಗೆ ಅವ್ವ ನೀರು ತರಲು ಹೋಗಿದ್ದಳು. ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತಿದ್ದವನು ನನ್ನನ್ನು ಕರೆದು ಅಂಗಿ ಎತ್ತಿ ಪಕ್ಕೆಯ ಕೆಳಗೆ ಬೆರಳಿಟ್ಟ.

“ಯಕ್ಕಾ, ಇಲ್ಲಿ ಒಳಗ ಒಂದು ನಳಿಗಿ ಐತಿ. ಪೆನ್ನಿನ ರಿಫಿಲ್ ಇರ್ತೈತಲ್ಲ, ಹಂಗ.”

“ರಿಫಿಲ್ಲಾ? ಹಂಗಾರ ಇನ್ನ ಮ್ಯಾಲೆ ಹೊಟ್ಟಿಲೇ ಕಾಗದಾ ಬರೀತಿ ಬಿಡು.”

ಅವನು ಬಾಯಲ್ಲಿದ್ದ ನೊರೆ ಉಗುಳಿ ನಕ್ಕ. ನಗುವಾಗ ಅವನ ಕಣ್ಣಿನ ಬಿಳಿಭಾಗ ಇನ್ನೂ ಅರಿಶಿನದ ನೀರಿನಂತೆ ಕಂಡಿತು.

“ಅವ್ವಗ ಮಾತ್ರ ಹೇಳಬ್ಯಾಡ. ಹುಬ್ಬಳ್ಳಿ, ಆಪರೇಷನ್ ಅಂದ್ರ ಆಕಿ ಜೀವಾ ಬಿಡ್ತಾಳ.”

ಅದು ನಿಜ. ಅಪ್ಪ ಹೊಟ್ಟೆಯ ಆಪರೇಷನ್ನಿಗೆಂದು ಹುಬ್ಬಳ್ಳಿಗೆ ತಾನೇ ನಡೆದುಕೊಂಡು ಬಸ್ಸು ಹತ್ತಿ ಹೋಗಿದ್ದರು. ಬಂದದ್ದು ಬಟ್ಟೆ ಸುತ್ತಿಕೊಂಡು. ಅಂದಿನಿಂದ ನಮ್ಮ ಮನೆಯಲ್ಲಿ ಆ ಊರಿನ ಹೆಸರನ್ನು ಯಾರೂ ಸುಮ್ಮನೆ ಎತ್ತುತ್ತಿರಲಿಲ್ಲ. ನನಗೂ ಹೆದರಿಕೆ ಇತ್ತು.

ಆಗ ನಾನೇ ಜೊಯಿಡಾ ಕಾಡಿನ ಔಷಧದ ಮಾತು ತೆಗೆದೆ. ಕಾಮಾಲೆಗೆ ಸೊಪ್ಪು ಕೊಡುವ ಮುದುಕರೊಬ್ಬರು ಅಲ್ಲಿಯ ಒಂದು ಸಣ್ಣ ಊರಲ್ಲಿದ್ದರು. ಗೋವೆಯಿಂದ, ಬೆಳಗಾವಿಯಿಂದ ಜನ ಬರುತ್ತಿದ್ದರು. ದುಬೈ, ಕುವೈತಿನಲ್ಲಿ ದುಡಿಯುವವರೂ ರಜೆ ಹಾಕಿ ವಿಮಾನ ಹತ್ತಿ ಬರುತ್ತಿದ್ದರು, ಯಾಕೆಂದರೆ ಆ ಔಷಧವನ್ನು ಕಳಿಸಲು ಆಗುತ್ತಿರಲಿಲ್ಲ. ಆಗ ತಾನೇ ಕರೆದ ಹಾಲಿನಲ್ಲಿ ಹಸಿ ಸೊಪ್ಪು ಅರೆದು ಅಲ್ಲೇ ಅಂಗಳದಲ್ಲಿ ಕುಡಿಸಬೇಕು. ಮೂರು ಭಾನುವಾರ ಮೂರು ಲೋಟ. ಆಮೇಲೆ ನಲವತ್ತು ದಿನ ಪಥ್ಯ: ಎಣ್ಣೆ ಇಲ್ಲ, ಖಾರ ಇಲ್ಲ, ಹುಳಿ ಇಲ್ಲ.

ಅಲ್ಲಿ ಒಂದು ಪದ್ಧತಿ ಇತ್ತು. ರೋಗಿ ಅಂಗಳದ ಹೊರಗೆ ಹಲಸಿನ ಮರದ ಕೆಳಗೆ ಬಾಯಿ ಬಿಡದೆ ಕೂಡಬೇಕು. ಅವನ ಪರವಾಗಿ ಮಾತಾಡುವುದು, ಕೇಳಿದ್ದಕ್ಕೆ ಉತ್ತರ ಹೇಳುವುದು ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು. ಅಣ್ಣ, ತಮ್ಮ, ಅಕ್ಕ, ತಂಗಿ ಯಾರಾದರೂ ಸರಿ. ಹೆಂಡತಿಯೂ ಆಗುವುದಿಲ್ಲ, ತಂದೆಯೂ ಆಗುವುದಿಲ್ಲ. ರೋಗಿ ಸಂಕಟದಲ್ಲಿ ಸುಳ್ಳು ಹೇಳಬಹುದು, ಒಡಹುಟ್ಟಿದವರು ಹೇಳುವುದಿಲ್ಲ ಎಂಬುದು ಅವರ ಹಿರಿಯರ ನಂಬಿಕೆ.

ಮೊದಲ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನಾವಿಬ್ಬರೂ ಬಾಡಿಗೆ ಗಾಡಿಯಲ್ಲಿ ಅಲ್ಲಿ ಇಳಿದೆವು. ತಮ್ಮ ಮರದ ಕೆಳಗೆ ಕೂತ. ನಾನು ಅಂಗಳಕ್ಕೆ ಹೋದೆ. ಮುದುಕರು ಆಕಳ ಕೆಚ್ಚಲು ತೊಳೆಯುತ್ತಿದ್ದರು. ಅವರ ಮನೆಮಾತು ಕೊಂಕಣಿ, ಕನ್ನಡವನ್ನು ಬಿಡಿಬಿಡಿಯಾಗಿ ಆಡುತ್ತಿದ್ದರು, ಹೆಂಗಸರನ್ನೆಲ್ಲ ‘ಬಾಯಿ’ ಎಂದು ಕರೆಯುತ್ತಿದ್ದರು.

“ಯಾರಿಗೆ ಬಾಯಿ?”

“ತಮ್ಮಗರಿ.”

“ಒಂದೇ ಹೊಟ್ಟೆ?”

“ಹೌದ್ರಿ.”

“ದವಾಖಾನೆದ್ದು ಏನಾದರೂ ಉಂಟಾ? ಕೊಯ್ದದ್ದು, ಒಳಗೆ ಹಾಕಿದ್ದು?”

“ಇದ್ರ ಏನಾಗ್ತೈತ್ರಿ?”

“ಇದ್ದರೆ ಮೊದಲು ಅದು ಮುಗಿಸಿ ಬಾ. ಎರಡು ದೋಣಿಯಲ್ಲಿ ಕಾಲು ಇಡುವ ಔಷಧ ನಂದಲ್ಲ.”

ಹಿಂದೆ ತಿರುಗಿ ನೋಡಿದೆ. ತಮ್ಮ ಮರಕ್ಕೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದ. ಅಷ್ಟು ದೂರಕ್ಕೆ ಮಾತು ಕೇಳಿಸುತ್ತಿರಲಿಲ್ಲ. ಇದೆ ಎಂದರೆ ವಾಪಸು ಹೋಗಬೇಕು, ಹುಬ್ಬಳ್ಳಿಗೆ ಹೋಗಬೇಕು.

“ಏನೂ ಇಲ್ರಿ,” ಅಂದೆ.

ಮುದುಕರು ತಲೆಯಾಡಿಸಿ ಸೊಪ್ಪು ಅರೆಯಲು ಕೂತರು. ಒಂದು ಲೋಟ ಹಸಿರು ಹಾಲು ನನ್ನ ಕೈಗೆ ಬಂತು. ಅದನ್ನು ನಾನೇ ಒಯ್ದು ತಮ್ಮನಿಗೆ ಕುಡಿಸಿದೆ.

ಹತ್ತು ಹನ್ನೆರಡು ದಿನದಲ್ಲಿ ಅವನ ಕಣ್ಣು ತಿಳಿಯಾಯಿತು. ಊಟ ಸೇರತೊಡಗಿತು. ಈಗ ನನಗೆ ಗೊತ್ತು, ಪಿತ್ತದ ದಾರಿ ತೆರೆದುಕೊಂಡ ಮೇಲೆ ಹಳದಿ ಇಳಿಯಲು ಅಷ್ಟು ದಿನ ಬೇಕು. ಸೊಪ್ಪು ಕುಡಿಯದಿದ್ದರೂ ಇಳಿಯುತ್ತಿತ್ತು. ಕೆಲಸ ಮಾಡಿದ್ದು ನಳಿಗೆ. ಆದರೆ ನಮ್ಮ ಓಣಿಯಲ್ಲಿ ಆ ಹೆಸರು ಸೊಪ್ಪಿಗೆ ಬಂತು, ಸೊಪ್ಪಿನ ಹಿಂದೆ ನನಗೂ ಬಂತು. ನಳದ ಹತ್ತಿರ ಹೆಂಗಸರು ಕೊಡ ತುಂಬಿದ ಮೇಲೂ ನಿಂತು ನನ್ನ ಮಾತು ಕೇಳುತ್ತಿದ್ದರು.

“ಅಷ್ಟ ದೊಡ್ಡ ದೇಶದ ಡಾಕ್ಟರಿಗೆ ಆಗಲಿಲ್ಲೇನವ್ವಾ?”

“ಎಲ್ಲಿ ಆಗತೈತಿ? ಬರೇ ಗಾಜಿನ ಕಟ್ಟಡಾ ಕಟ್ಟ್ಯಾರ ಅಷ್ಟ,” ಎನ್ನುತ್ತಿದ್ದೆ ನಾನು, ಮಸ್ಕತ್ತು ಕಂಡವಳ ಹಾಗೆ.

ಹೇಳುವಾಗಲೆಲ್ಲ ನಳಿಗೆಯನ್ನು ಕಥೆಯಿಂದ ಬಿಡುತ್ತಿದ್ದೆ. ಬಿಟ್ಟು ಬಿಟ್ಟು ರೂಢಿಯಾಗಿ, ಅದು ಇರಲೇ ಇಲ್ಲವೇನೋ ಅನ್ನಿಸತೊಡಗಿತ್ತು. ಬೇರೆಯವರ ಮನೆಯ ಕಾಮಾಲೆಗೂ ನನ್ನನ್ನು ಕೇಳಿಕೊಂಡು ಬಂದರು. ಎಷ್ಟೋ ವರ್ಷದ ಮೇಲೆ ನಾನು ಮತ್ತೆ ಹಿರಿಯಳಾಗಿದ್ದೆ. ತಮ್ಮನ ಜೀವ ಉಳಿಸಿದವಳು.

ಮೂರನೆಯ ಭಾನುವಾರ ಗಾಡಿಯಲ್ಲಿ ಹೋಗುವಾಗ ಅವನೇ ಕೇಳಿದ.

“ಯಕ್ಕಾ, ಆ ನಳಿಗಿದು ಏನ ಮಾಡೂಣು? ಹುಬ್ಬಳ್ಳಿಗೆ ಹೋಗೂಣೇನು? ಇವತ್ತ ಅಜ್ಜಗ ಕೇಳು ಒಂದ ಸಲ. ಅವರು ಹೋಗು ಅಂದ್ರ ಹೋಗೇಬಿಡೂಣು.”

“ಕೇಳ್ತೇನಿ,” ಅಂದೆ.

ಅಂಗಳಕ್ಕೆ ಹೋದೆ. ಮುದುಕರು ಆಕಳಿಗೆ ಹುಲಿಯ ವಾಸನೆ ಬಡಿದು ಎರಡು ದಿನದಿಂದ ಹಾಲು ಕಡಿಮೆಯಾಗಿದೆ ಎಂದು ಹೇಳುತ್ತ ಸೊಪ್ಪು ಅರೆದರು. ನಾನು ಹೂಂ ಹೂಂ ಎನ್ನುತ್ತ ನಿಂತೆ. ಹೇಗೆ ಕೇಳಲಿ? ಏನೂ ಇಲ್ಲ ಎಂದು ಮೊದಲೇ ಹೇಳಿದವಳು. ಕೇಳಿದರೆ ಸುಳ್ಳಿಯಾಗುತ್ತೇನೆ, ಕೊನೆಯ ಲೋಟವೂ ಸಿಗುವುದಿಲ್ಲ. ಹಾಲು ಹಿಡಿದುಕೊಂಡು ಮರದ ಕಡೆಗೆ ನಡೆದೆ. ಅವನು ಹುಬ್ಬು ಏರಿಸಿ ಕಣ್ಣಲ್ಲೇ ಕೇಳಿದ. ಅಲ್ಲಿ ಅವನು ಬಾಯಿ ಬಿಡುವಂತಿರಲಿಲ್ಲ. ಆಮೇಲೆ ಎಂದು ನಾನು ತಲೆಯಾಡಿಸಿದೆ. ಗಾಡಿ ಹತ್ತಿದ ಮೇಲೆ ಕೇಳಿದ.

“ಕೇಳಿದೇನು?”

“ಕೇಳಿದೆ.”

“ಏನಂದ್ರು?”

“ಕಲ್ಲಿನಂಥಾ ಹರಳನ್ನ ಕರಗಸತೈತಿ, ಆ ನಳಿಗಿ ಏನ ಮಹಾ? ತಾನಾಗೇ ಹೋಗತೈತಿ ಅಂದ್ರು.”

“ಖರೇನ?”

“ನಾ ಯಾಕ ನಿನಗ ಸುಳ್ಳ ಹೇಳಲೋ?”

ಅವನು ಸೀಟಿಗೆ ಒರಗಿ ಕಣ್ಣು ಮುಚ್ಚಿಕೊಂಡು, “ಚಲೋ ಆತು ಬಿಡು,” ಎಂದ. ದೊಡ್ಡ ಭಾರ ಇಳಿದವನ ಹಾಗೆ ದಾಂಡೇಲಿ ಬರುವವರೆಗೂ ನಿದ್ದೆ ಮಾಡಿದ. ಆ ಕಾಗದವನ್ನು ನನ್ನ ಕೈಗೇ ಕೊಟ್ಟು, ಬೇಕಾಗುವುದಿಲ್ಲ, ಎಲ್ಲಾದರೂ ಇಡು ಎಂದ. ನನ್ನ ಟ್ರಂಕಿನ ಅಡಿಗೆ ಇಟ್ಟೆ.

ಅವನ ರಜೆ ಮುಗಿದದ್ದು ಪಥ್ಯದ ಮೂವತ್ತೆಂಟನೆಯ ದಿನ. ಹೊರಡುವ ಮಧ್ಯಾಹ್ನ ಅವ್ವ ಮಿರ್ಚಿ ಬಜ್ಜಿ ಮಾಡಿದಳು. ಅವನಿಗೆ ಅದೆಂದರೆ ಪ್ರಾಣ.

“ಇನ್ನಾ ಎರಡ ದಿನಾ ಉಳದಾವ ಅವ್ವಾ,” ಎಂದ.

“ಎರಡ ದಿನಕ್ಕ ಏನ ಆಕಾಶ ಕಳಚಿ ಬೀಳತೈತೇನು? ಅಲ್ಲಿ ನಿನಗ ಯಾರು ಮಾಡಿಕೊಡ್ತಾರ? ತಿನ್ನು ನನ್ನಪ್ಪಾ.”

ಅವನು ಎರಡು ತಿಂದ. ನಾನು ನಾಲ್ಕು ತಿಂದೆ.

ಮಸ್ಕತ್ತಿಗೆ ಹೋದ ಮೇಲೆ ಐದು ತಿಂಗಳು ಚೆನ್ನಾಗಿದ್ದ. ಫೋನು ಮಾಡಿದಾಗಲೆಲ್ಲ ಕೋಣೆಯ ಗೆಳೆಯರಿಗೆ ನಮ್ಮ ಕಾಡಿನ ಔಷಧದ ಸುದ್ದಿ ಹೇಳಿದ್ದನ್ನು ನಗುತ್ತ ಹೇಳುತ್ತಿದ್ದ. ಆಮೇಲೆ ಒಂದು ಬೆಳಿಗ್ಗೆ ಶಾಲೆಯಲ್ಲಿ ಬೇಳೆಗೆ ಅರಿಶಿನ ಹಾಕುತ್ತಿದ್ದಾಗ ಫೋನು ಬಂತು. ಅವನ ದನಿ ಅದುರುತ್ತಿತ್ತು.

“ಯಕ್ಕಾ, ಎರಡ ದಿನದಿಂದ ನಡುಕ ಬರಾಕತ್ತೈತಿ. ಕಂಬಳಿ ಮ್ಯಾಲೆ ಕಂಬಳಿ ಹೊತ್ತರೂ ನಿಲ್ಲವಲ್ಲದು. ಕಣ್ಣು ಮತ್ತ ಹಳದಿ ಆಗ್ಯಾವ. ಇಲ್ಲೇ ಮೊದಲಿನ ದವಾಖಾನಿಗೆ ತೋರಸಲೇನು?”

ನಾನು ಸೌಟು ಹಿಡಿದುಕೊಂಡೇ ನಿಂತಿದ್ದೆ. ಅಲ್ಲಿಗೆ ಹೋದರೆ ಒಳಗೆ ನೋಡುತ್ತಾರೆ. ನೋಡಿದರೆ ನಳಿಗೆ ಕಾಣುತ್ತದೆ. ಆಗ ನಾನು ಏನನ್ನೂ ಕೇಳಿರಲಿಲ್ಲ ಎಂಬುದು ಅವನಿಗೆ ಗೊತ್ತಾಗುತ್ತದೆ. ಇಷ್ಟನ್ನೂ ನಾನು ಆ ಹೊತ್ತಿನಲ್ಲಿ ಯೋಚಿಸಿದೆ. ಓದು ಕಡಿಮೆಯಾದದ್ದಕ್ಕೆ ಮಾಡಿದ ತಪ್ಪು ಎಂದು ಯಾರೂ ಅನ್ನಬಾರದು. ತಿಳಿದೇ ಹೇಳಿದೆ.

“ಬ್ಯಾಡ, ಇಲ್ಲಿಗೇ ಬಾ. ಅಜ್ಜನ ಔಷಧಾ ತಗೊಂಡ್ರ ಆತು. ನಾ ಗೋವಾಕ್ಕ ಬಂದು ಕರಕೊಂಡ ಹೋಗ್ತೇನಿ.”

“ಆತು,” ಎಂದ. ಎದುರು ಮಾತಾಡಲಿಲ್ಲ.

ಮೂರನೆಯ ದಿನ ಗೋವೆಯ ವಿಮಾನ ನಿಲ್ದಾಣದ ಬಾಗಿಲಲ್ಲಿ ಅವನು ಗಾಲಿಕುರ್ಚಿಯಲ್ಲಿ ಹೊರಗೆ ಬಂದ. ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡಿದ್ದ. ಮುಟ್ಟಿದರೆ ಕೈ ಸುಡುತ್ತಿತ್ತು. ಬಾಡಿಗೆ ಕಾರಿನಲ್ಲಿ ಘಟ್ಟ ಹತ್ತಿ ಅನಮೋಡಿಗೆ ಬಂದಾಗ ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿದರು. ಗೋವೆಯ ಬಾಟಲಿ ಹುಡುಕಲು ಎಲ್ಲರ ಚೀಲ ನೋಡುತ್ತಾರೆ. ಕಿಟಕಿಯಲ್ಲಿ ಬಗ್ಗಿದ ಪೊಲೀಸಪ್ಪ, ನನ್ನ ತೊಡೆಯ ಮೇಲೆ ತಲೆಯಿಟ್ಟು ತೊದಲುತ್ತಿದ್ದವನನ್ನು ನೋಡಿ ನಕ್ಕ.

“ಏನವ್ವಾ, ಮಾಲು ಚೀಲದಾಗ ಇಲ್ಲ, ಎಲ್ಲಾ ಹೊಟ್ಯಾಗ ಹಾಕ್ಕೊಂಡ ಬಂದಾನೇನು?”

“ಆರಾಮಿಲ್ರೀ ಅವಗ.”

ಅವನು ಟಾರ್ಚು ಹಚ್ಚಿ ತಮ್ಮನ ಕಣ್ಣು ನೋಡಿದ. ನಗು ನಿಂತಿತು. “ಏ, ಬಿಡ್ರೋ ಗಾಡಿ. ಲಗೂನ ದವಾಖಾನಿಗೆ ಹೋಗ್ರಿ ಅಕ್ಕಾರ.”

ಒಬ್ಬ ಅಪರಿಚಿತನಿಗೆ ಒಂದು ನೋಟಕ್ಕೆ ತಿಳಿದದ್ದು ಅದು. ಜೊಯಿಡಾ ಕಡೆಯ ರಾಮನಗರಕ್ಕೆ ಬಂದ ಮೇಲೆ ಡ್ರೈವರನೂ ಬೆಳಗಾವಿಗೆ ಹೊರಳಿಸಲೇ ಎಂದು ಕೇಳಿದ. ತಮ್ಮ ತಲೆಯೆತ್ತಿ, “ಜೊಯಿಡಾ… ಅಜ್ಜನ ಕಡೆ,” ಎಂದ. ನಾನು ಹೌದೆಂದೆ.

ನಾವು ಆ ಊರಿಗೆ ಮುಟ್ಟಿದಾಗ ಇಳಿಹೊತ್ತು. ಭಾನುವಾರವಲ್ಲ. ಮುದುಕರು ಅಂಗಳದಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದವರು ಎದ್ದು, ತಾವೇ ಗಾಡಿಯ ಹತ್ತಿರ ಬಂದರು. ಪದ್ಧತಿ ಗಿದ್ಧತಿ ನೋಡಲಿಲ್ಲ. ಬಾಗಿಲು ತೆಗೆದು ಅವನ ಹಣೆ ಮುಟ್ಟಿದರು, ಪಕ್ಕೆಯ ಕೆಳಗೆ ಒತ್ತಿದರು. ಅವನು ನರಳಿದ.

“ಇದು ನನ್ನ ರೋಗ ಅಲ್ಲ ಬಾಯಿ. ಒಳಗೆ ಕೀವು ಆಗಿದೆ. ಓಡು, ದವಾಖಾನೆಗೆ ಓಡು.”

ತಮ್ಮ ಹಲ್ಲು ಕಟಕಟಿಸುತ್ತ ಅವರ ಕೈ ಹಿಡಿದುಕೊಂಡ. ಆ ಅಂಗಳದ ಮುಂದೆ ಅವನು ಬಾಯಿ ಬಿಟ್ಟದ್ದು ಅದೇ ಮೊದಲು.

“ಅಜ್ಜಾ, ಆ ನಳಿಗಿ… ತಾನಾಗೇ ಹೋಗತೈತಿ ಅಂದಿದ್ರಿ ನೀವು.”

“ಯಾವ ನಳಿಗೆ?”

ಮುದುಕರು ನನ್ನನ್ನು ನೋಡಿದರು. ತಮ್ಮ ಅವರ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಅಷ್ಟು ಜ್ವರದಲ್ಲೂ ಅವನಿಗೆ ಎಲ್ಲ ಅರ್ಥವಾಯಿತು. ಅದು ಅವನ ಮುಖದ ಮೇಲೆ ಮೂಡಿದ್ದನ್ನು ನಾನು ಕಂಡೆ. ಮುದುಕರು ಮತ್ತೆ ಕೇಳಿದರು, ಈ ಸಲ ಗಟ್ಟಿಯಾಗಿ, “ಯಾವ ನಳಿಗೆ ಬಾಯಿ?”

“ಇರ್ಲಿ ಬಿಡ್ರಿ ಅಜ್ಜಾ,” ಎಂದ ತಮ್ಮ. “ನನಗ ಜ್ವರದಾಗ ಏನೇನೋ ನೆನಪ.”

ಹಳಿಯಾಳದ ಮೇಲಿಂದ ಹುಬ್ಬಳ್ಳಿಗೆ ಹೋದೆವು. ದಾರಿಯುದ್ದಕ್ಕೂ ಅವನ ತಲೆ ನನ್ನ ತೊಡೆಯ ಮೇಲಿತ್ತು. ಬೈದಿದ್ದರೆ, ಯಾಕೆ ಹಾಗೆ ಮಾಡಿದೆ ಎಂದು ಒಮ್ಮೆ ಕೇಳಿದ್ದರೆ ನಾನು ಉತ್ತರ ಹುಡುಕುತ್ತಿದ್ದೆ. ಅವನು ಕೇಳಲಿಲ್ಲ. ಹಳಿಯಾಳ ದಾಟಿದ ಮೇಲೆ ಒಂದೇ ಮಾತು ಆಡಿದ: “ಅವ್ವಗ ಹೇಳಬ್ಯಾಡ ಯಕ್ಕಾ.” ನಳಿಗೆಯ ಸುದ್ದಿಯನ್ನೋ ನನ್ನ ಸುಳ್ಳನ್ನೋ, ಏನನ್ನು ಹೇಳಬಾರದು ಎಂದನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಆಗ ಬರಲಿಲ್ಲ. ಈಗ ಕೇಳಲು ಅವನಿಲ್ಲ.

ಹುಬ್ಬಳ್ಳಿಯ ದವಾಖಾನೆಯಲ್ಲಿ ತೆಗೆದ ಫೋಟೋದಲ್ಲಿ ನಳಿಗೆ ಬೆಳ್ಳಗೆ ಗೆರೆಯ ಹಾಗೆ ಕಂಡಿತು. ಡಾಕ್ಟರಬಾಯಿ ನನ್ನೊಬ್ಬಳನ್ನೇ ಒಳಗೆ ಕರೆದರು. ಅದು ಕಟ್ಟಿಕೊಂಡು ಕೀವಾಗಿ, ನಂಜು ರಕ್ತಕ್ಕೆ ಏರಿದೆ, ಈಗ ತೆಗೆಯಲು ಹೋದರೆ ತಾಳಿಕೊಳ್ಳುವ ಸ್ಥಿತಿಯಲ್ಲಿ ಇಲ್ಲ, ರಕ್ತದ ಒತ್ತಡ ಸ್ವಲ್ಪ ಮೇಲೆ ಬರಲಿ ಎಂದರು.

“ಮೂರು ತಿಂಗಳಿಗೇ ತೆಗೆಸಬೇಕು ಅಂತ ಯಾರೂ ಹೇಳಿರಲಿಲ್ಲವೇನಮ್ಮಾ?”

ನಾನು ತಲೆ ಅಲ್ಲಾಡಿಸಿದೆ, ಇಲ್ಲ ಎಂದು. ಅಲ್ಲಿಯೂ.

ಒತ್ತಡ ಮೇಲೆ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅವನು ಹೋದ. ನಮ್ಮಲ್ಲಿ ಸುಡುವುದಿಲ್ಲ. ವಿಭೂತಿ ಹಚ್ಚಿ, ಕೂಡಿಸಿ, ಕೈಯಲ್ಲಿ ಲಿಂಗ ಇಟ್ಟು ಮಣ್ಣು ಕೊಟ್ಟೆವು. ನಳಿಗೆ ಒಳಗೇ ಹೋಯಿತು. ನಮ್ಮ ಶಾಲೆಯಲ್ಲಿ ಕಲಿಸುವ ಬಾಯಿಯವರು ಮಕ್ಕಳಿಗೆ ಪ್ಲಾಸ್ಟಿಕ್ ಮಣ್ಣಿನಲ್ಲಿ ಕರಗುವುದಿಲ್ಲ ಎಂದು ಪಾಠ ಹೇಳುತ್ತಾರೆ. ಅಡಿಗೆ ಕೋಣೆಗೆ ಅದು ಕೇಳಿಸುತ್ತದೆ. ಅವನ ಮೈಯಲ್ಲಿದ್ದದ್ದೆಲ್ಲ ಮಣ್ಣಾಗುತ್ತದೆ, ಕರಗುತ್ತದೆ ಎಂದು ನಾನು ಹೇಳಿದ್ದು ಮಾತ್ರ ಹಾಗೇ ಇರುತ್ತದೆ. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಬಂದಾಗ ನಾನು ಅವರ ಕಣ್ಣಿನ ಬಿಳಿ ನೋಡುತ್ತೇನೆ. ಕೆಲವು ಸಲ ರೆಪ್ಪೆ ಕೆಳಗೆ ಎಳೆದೂ ನೋಡುತ್ತೇನೆ. ಮಕ್ಕಳು ನಗುತ್ತಾರೆ.

ಮಣ್ಣು ಕೊಟ್ಟ ವಾರಕ್ಕೆ ಆ ಕಾಗದವನ್ನು ಟ್ರಂಕಿನಿಂದ ತೆಗೆದು ಶಾಲೆಯ ಒಲೆಗೆ ಹಾಕಿದೆ. ಇಂಗ್ಲಿಷು, ಅರಬ್ಬಿ ಅಕ್ಷರ. ನನಗೆ ಓದಲು ಬರುತ್ತಿದ್ದದ್ದು ಅದರಲ್ಲಿಯ ತಾರೀಖು ಒಂದೇ.

ಅವ್ವ ಕಾರಣವನ್ನು ತಾನೇ ಕಂಡುಹಿಡಿದುಕೊಂಡಿದ್ದಳು. ಬಂದವರು ಏನಾಗಿತ್ತು ಎಂದು ಕೇಳಿದಾಗ ನಾನು ನಂಜು ಏರಿತ್ತು ಎನ್ನುತ್ತಿದ್ದೆ. ಮೂಲೆಯಲ್ಲಿ ಕೂತ ಅವ್ವ ಪ್ರತಿ ಸಲವೂ ಒಂದೇ ಮಾತು ಸೇರಿಸುತ್ತಿದ್ದಳು.

“ಪಥ್ಯಾ ಮುರದೆ ನಾನು. ಎರಡ ದಿನಾ ತಡೀಲಿಲ್ಲ. ನನ್ನ ಕೈಯಾರೆ ತಿನಿಸಿದೆ.”

ಯಾರೂ ಅದನ್ನು ತಪ್ಪು ಎನ್ನಲಿಲ್ಲ. ಒಬ್ಬ ಹೆಂಗಸು, “ಹೌದವ್ವಾ, ಕಾಡಿನ ಔಷಧಾ ಭಾಳ ಕಟ್ಟುನಿಟ್ಟು,” ಎಂದಳು. ನಾನು ಬಂದವರಿಗೆ ಚಹಾ ಕೊಡುತ್ತಿದ್ದೆ. ಅವ್ವ ಅಂದಿನಿಂದ ಎಣ್ಣೆ ಬಿಟ್ಟಳು, ಖಾರ ಬಿಟ್ಟಳು, ಹುಳಿ ಬಿಟ್ಟಳು. ಮಗ ಮುಗಿಸದ ಎರಡು ದಿನದ ಪಥ್ಯವನ್ನು ಅವಳು ಮುಂದುವರಿಸಿಕೊಂಡು ಹೋದಳು. ಎರಡು ವರ್ಷವಾಯಿತು. ಒಣ ರೊಟ್ಟಿ, ಸಪ್ಪೆ ಬೇಳೆ. ನಾನು ಎದುರಿಗೆ ಕೂತು ಅವಳು ಅಗಿಯುವುದನ್ನು ನೋಡುತ್ತೇನೆ. ಯಾವ ನ್ಯಾಯಾಧೀಶನೂ ಕೊಡಲಾರದ, ನನ್ನ ಪಾಲಿನ ಶಿಕ್ಷೆಯನ್ನು ಅವಳು ಉಣ್ಣುತ್ತಿದ್ದಾಳೆ.

ಹೋದ ಮಳೆಗಾಲ ಮುಗಿದ ಮೇಲೆ ಒಬ್ಬ ಮನುಷ್ಯ ನಮ್ಮ ಮನೆ ಹುಡುಕಿಕೊಂಡು ಬಂದ. ನೇಪಾಳದವನು, ಮಸ್ಕತ್ತಿನಲ್ಲಿ ತಮ್ಮನ ಕೋಣೆಯಲ್ಲಿದ್ದವನು. ಅವನ ಕಣ್ಣು ಹಳದಿಯಾಗಿತ್ತು. ತನ್ನ ಊರಿಗೆ ಹೋಗದೆ, ಮಸ್ಕತ್ತಿನಿಂದ ನೇರವಾಗಿ ಗೋವೆಗೆ ಇಳಿದು, ಬಸ್ಸು ಬದಲಿಸುತ್ತ ದಾಂಡೇಲಿಗೆ ಬಂದಿದ್ದ. ಹೆಗಲಿಗೆ ಒಂದು ಚೀಲ. ಬಾಗಿಲಲ್ಲೇ ನನ್ನ ಕಾಲು ಮುಟ್ಟಿದ. ಅವನದು ಹಿಂದಿ, ನನ್ನದು ಹರಕು ಹಿಂದಿ. ಹೇಗೋ ಮಾತು ನಡೆಯಿತು.

ತಮ್ಮ ಹೋದದ್ದು ಪಥ್ಯ ಮುರಿದದ್ದಕ್ಕೆ ಎಂದೇ ಅವನೂ ಕೇಳಿದ್ದ. ಬದುಕಿದ್ದಾಗ ತಮ್ಮ ಅವರಿಗೆಲ್ಲ ಹೇಳುತ್ತಿದ್ದನಂತೆ: ನಮ್ಮ ಕಡೆ ರೋಗಿ ಬಾಯಿ ಬಿಡಬೇಕಿಲ್ಲ, ಅಕ್ಕ ಇದ್ದರೆ ಸಾಕು, ಎಲ್ಲ ಕೇಳಿಕೊಂಡು ಬರುತ್ತಾಳೆ. ನಡುಕ ಶುರುವಾದಾಗ ಇವನೇ ಟ್ಯಾಕ್ಸಿ ತಂದು ದವಾಖಾನೆಗೆ ನಡೆ ಎಂದಿದ್ದನಂತೆ. ಒಂದು ನಿಮಿಷ ತಡಿ, ಅಕ್ಕನನ್ನು ಕೇಳುತ್ತೇನೆ ಎಂದು ತಮ್ಮ ಫೋನು ಹಚ್ಚಿದನಂತೆ. ನಾನು ಬಾ ಎಂದ ಮೇಲೆ ಟ್ಯಾಕ್ಸಿಯನ್ನು ಕಳಿಸಿಬಿಟ್ಟರಂತೆ.

ಹೊರಗೆ ಟ್ಯಾಕ್ಸಿ ನಿಂತಿತ್ತು ಎಂಬುದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

ಆ ಮನುಷ್ಯ ಹೇಳಿದ, “ದೀದಿ, ನನಗೆ ಇಲ್ಲಿ ಒಡಹುಟ್ಟಿದವರು ಯಾರೂ ಇಲ್ಲ. ನನ್ನ ಪರವಾಗಿ ನೀವೇ ಮಾತಾಡಬೇಕು.”

ಅವನಿಗೆ ಎಲ್ಲ ಹೇಳಿದೆ. ನಳಿಗೆಯನ್ನೂ, ಅಂಗಳದಲ್ಲಿ ಇಲ್ಲ ಎಂದದ್ದನ್ನೂ, ಕೇಳದೆಯೇ ಕೇಳಿದೆ ಎಂದದ್ದನ್ನೂ. ನನಗೆ ಬರುವ ಹಿಂದಿ ಬಹಳ ಸ್ವಲ್ಪ, ಅದರಲ್ಲಿ ನೆಪ ಹೇಳಲು ಬೇಕಾಗುವಷ್ಟು ಶಬ್ದ ಇರಲಿಲ್ಲ. ಹಾಗಾಗಿ ಇದ್ದದ್ದಷ್ಟೇ ಹೊರಗೆ ಬಂತು. ಅವನು ಬೈಯಲಿಲ್ಲ. ತನ್ನ ಚೀಲವನ್ನು ನಿಧಾನವಾಗಿ ಹತ್ತಿರಕ್ಕೆ ಎಳೆದುಕೊಂಡ. ಆ ಮನೆಯ ನೆಲದ ಮೇಲೆ ಅದನ್ನು ಇಡಲೂ ಅವನಿಗೆ ಮನಸ್ಸಿಲ್ಲದಂತೆ ಕಂಡಿತು. ಅದೇ ದಿನ ಅವನ ಜೊತೆ ಹುಬ್ಬಳ್ಳಿಗೆ ಹೋದೆ. ಅವನದು ಪಿತ್ತಕೋಶವಲ್ಲ, ಬೇರೆ ಬಗೆಯ ಕಾಮಾಲೆ. ವಾರದಲ್ಲಿ ಇಳಿಯಿತು. ಹುಬ್ಬಳ್ಳಿಯಿಂದಲೇ ರೈಲು ಹತ್ತಿ ತನ್ನ ದೇಶಕ್ಕೆ ಹೋದ. ಆಮೇಲೆ ಫೋನು ಮಾಡಿಲ್ಲ.

ಅವನಿಗೆ ಹೇಳಿದ ಮೇಲೆ ಅವ್ವನಿಗೆ ಹೇಳದೆ ಇರುವುದು ಆಗಲಿಲ್ಲ. ತಮ್ಮ ಬೇಡ ಎಂದಿದ್ದ. ಆದರೆ ಅವನ ಆ ಮಾತಿನ ಹಿಂದೆ ಅಡಗಿಕೊಂಡಿರುವುದು ನಾನು ಎಂದು ನನಗೆ ಗೊತ್ತಿತ್ತು. ಹುಬ್ಬಳ್ಳಿಯಿಂದ ಬಂದ ಮರುದಿನ ಮಧ್ಯಾಹ್ನ ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತೆ.

“ಅವ್ವಾ, ನಿನ್ನ ಬಜ್ಜಿಲೆ ಏನೂ ಆಗಿಲ್ಲ. ನಾ ಮಾಡಿದ್ದು ಐತಿ, ಕೇಳು.”

ಎಲ್ಲ ಹೇಳಿದೆ. ಮೊದಲಿನಿಂದ ಕೊನೆಯವರೆಗೆ. ನಡುವೆ ಎಲ್ಲೂ ಅವಳು ಮೊರ ನಿಲ್ಲಿಸಲಿಲ್ಲ. ಮುಗಿದ ಮೇಲೆ ಕಲ್ಲೊಂದನ್ನು ಆರಿಸಿ ಹೊರಗೆ ಎಸೆದು ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನಾನು ಸಿಟ್ಟಿಗಾಗಿ ಕಾಯುತ್ತಿದ್ದೆ.

“ನೀ ಸಣ್ಣಾಕಿ ಇದ್ದಾಗಿನಿಂದ ಹಂಗ,” ಎಂದಳು. “ಅವ ಗಡಿಗಿ ಒಡದ್ರ ನಾ ಒಡದೆ ಅಂತ ಬಂದು ನಿಂದರ್ತಿದ್ದಿ. ಈಗ ನಂದೂ ನಿನ್ನ ತಲಿ ಮ್ಯಾಲೆ ಹೊತಗೋತಿ?”

“ಖರೇ ಹೇಳಾಕತ್ತೇನಿ ಅವ್ವಾ. ಅವನ ಹೊಟ್ಯಾಗ ನಳಿಗಿ ಇತ್ತು.”

“ಇದ್ದಿದ್ರ ನನ್ನ ಮಗಾ ನನಗ ಹೇಳತಿದ್ದಿಲ್ಲೇನು?”

“ನೀ ಹೆದರ್ತಿ ಅಂತ ಹೇಳಲಿಲ್ಲ. ಕಾಗದಾ ಇತ್ತು, ನಾ ಕಂಡೇನಿ.”

“ಎಲ್ಲೈತಿ ಕಾಗದಾ? ತೋರಸು.”

ನನ್ನ ಹತ್ತಿರ ತೋರಿಸಲು ಏನೂ ಇರಲಿಲ್ಲ. ಕಾಗದ ಒಲೆಗೆ ಹೋಗಿತ್ತು, ಹುಬ್ಬಳ್ಳಿಯ ಫೋಟೋ ದವಾಖಾನೆಯಲ್ಲೇ ಉಳಿದಿತ್ತು. ಜೊಯಿಡಾದ ಮುದುಕರು ಅಷ್ಟರಲ್ಲಿ ತೀರಿಕೊಂಡಿದ್ದರು. ನೇಪಾಳದವನು ಹೋಗಿದ್ದ. ಅವ್ವ ಮೊರ ಬದಿಗಿಟ್ಟು, ಜೋಳದ ಹೊಟ್ಟು ಹತ್ತಿದ ಕೈಯಿಂದ ನನ್ನ ತಲೆ ಸವರಿದಳು.

“ಅಕ್ಕ ಅಂದ್ರ ನಿನ್ನಂಥಾಕಿ ಇರಬೇಕು ನೋಡು. ನನ್ನ ಸಲುವಾಗಿ ಎಷ್ಟ ದೊಡ್ಡ ಸುಳ್ಳ ಕಟ್ಟಿ. ಬ್ಯಾಡ ಮಗಳ, ನಾ ಮಾಡಿದ್ದು ನಾ ಉಣ್ತೇನಿ. ಏಳು, ಊಟಾ ಮಾಡು, ಮುಖಾ ಸೊರಗೈತಿ.”

ಅವಳು ಎದ್ದು ನನಗೆ ರೊಟ್ಟಿ ಹಾಕಿದಳು, ಶೇಂಗಾ ಚಟ್ನಿಯ ಮೇಲೆ ಎಣ್ಣೆ ಸುರಿದಳು. ತನ್ನ ತಟ್ಟೆಗೆ ಒಣ ರೊಟ್ಟಿ ಮುರಿದುಕೊಂಡು ನೀರಲ್ಲಿ ಅದ್ದಿದಳು. ನಾನು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ.

“ಉಣ್ಣು ಮೊದಲ,” ಎಂದಳು ಅವ್ವ.

ಉಂಡೆ.